ನಡುವಿನ ಶಟಲ್ ಯಾರದು?

ಎಲ್ಲರಿಗೂ ನಮಸ್ಕಾರ. ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದಿಂದ ಬೆಳಗಿನ ಬಸ್ಸು ಹಿಡಿದು ಕಾರವಾರಕ್ಕೆ ಬಂದ ಹುಡುಗಿಯರಿಗೆ, ಅವರ ಚೀಲ ಹೊತ್ತು ಬಂದ ಅಮ್ಮಂದಿರಿಗೆ ವಿಶೇಷ ನಮಸ್ಕಾರ. ಶಿರಸಿಯವರು ದೇವಿಮನೆ ಘಾಟ್ ಇಳಿದು ಬಂದಿದ್ದಾರೆ. ಯಾರಾದರೂ ಅವರಿಗೆ ಮೊದಲು ಚಹಾ ಕೊಡಿ.

ಬ್ಯಾಡ್ಮಿಂಟನ್ ಡಬಲ್ಸ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಅದಕ್ಕೆ ಬರುತ್ತೇನೆ. ಮೊದಲು ಒಂದು ವಿಷಯ. ಈ ಟೂರ್ನಮೆಂಟಿನ ಸುದ್ದಿ ಕೇಳಿ ಒಬ್ಬರು ಫೋನ್ ಮಾಡಿದ್ದರು. "ಅಕ್ಕೋರೆ, ಹುಡುಗಿಯರ ಡಬಲ್ಸ್ ಮಾತ್ರವಾ? ಹಾಗಾದರೆ ಚೆನ್ನಾಗಿ ಆಡುವವರು ಎಲ್ಲಿಗೆ ಹೋಗಬೇಕು?" ಅಂದರು. ಅವರಿಗೆ ನೋವು ಮಾಡುವ ಉದ್ದೇಶ ಇರಲಿಲ್ಲ. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಡಬಲ್ಸ್ ಅಂದರೆ ಸಿಂಗಲ್ಸಿನಲ್ಲಿ ಉಳಿದವರ ಆಟ ಅಲ್ಲ. ಅದು ಬೇರೆಯೇ ಆಟ. ಇವತ್ತು ಈ ಮಾತನ್ನು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ನಾನು ಇದನ್ನು ಕಲಿತದ್ದು ಇದೇ ಊರಿನ ಕಡಲ ದಂಡೆಯ ಹತ್ತಿರ. ಆಗ ನಮಗೆ ಒಳಾಂಗಣ ಎಲ್ಲಿಂದ ಬರಬೇಕು? ಎರಡು ಕಂಬ ನೆಟ್ಟು, ಹಳೆಯ ರಂಪಣಿ ಬಲೆಯ ತುಂಡು ಕಟ್ಟಿದ್ದೆವು. ಬಿಸಿಲಿಗೆ ಅದು ಮೀನಿನ ವಾಸನೆ ಬಿಡುತ್ತಿತ್ತು. ಶಟಲ್ ಅದರ ಕಣ್ಣಿಗೆ ಸಿಕ್ಕಿಕೊಂಡರೆ ಗರಿ ಮುರಿಯದ ಹಾಗೆ ಬಿಡಿಸಬೇಕು. ಆ ಕೆಲಸ ನನ್ನ ಜೊತೆಗಾತಿಯದು, ಅವಳ ಬೆರಳು ಸಪೂರ. ಬೆಳಿಗ್ಗೆ ಎಂಟೂವರೆಯೊಳಗೆ ಆಟ ಮುಗಿಯಬೇಕು. ಬಿಸಿಲೇರಿ ಕಡಲ ಗಾಳಿ ಎದ್ದಮೇಲೆ ಐದು ಗ್ರಾಮಿನ ಶಟಲ್ ನಮ್ಮ ಮಾತು ಕೇಳುತ್ತದೆಯೇ?

ನಮ್ಮಿಬ್ಬರಿಗೂ ಹೊಡೆತ ಚೆನ್ನಾಗಿತ್ತು. ಆದರೂ ಸೋಲುತ್ತಿದ್ದೆವು. ಶಟಲ್ ನಮ್ಮಿಬ್ಬರ ನಡುವೆ ಬಂದರೆ ಅವಳು ನನ್ನ ಮುಖ ನೋಡುತ್ತಿದ್ದಳು, ನಾನು ಅವಳ ಮುಖ ನೋಡುತ್ತಿದ್ದೆ, ಶಟಲ್ ನೆಲ ನೋಡುತ್ತಿತ್ತು. ಇಲ್ಲವಾದರೆ ಇಬ್ಬರೂ ನುಗ್ಗಿ ಬ್ಯಾಟಿಗೆ ಬ್ಯಾಟ್ ಬಡಿಯುತ್ತಿತ್ತು. ಇದನ್ನೆಲ್ಲ ದಿನಾ ನೋಡುತ್ತ ಒಬ್ಬ ಅಜ್ಜ ಬಲೆ ಹೆಣೆಯುತ್ತ ಕೂತಿರುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ, "ಮಕ್ಕಳೇ, ನಿಮಗೆ ಬಾಯಿ ಇಲ್ವಾ?"

ರಂಪಣಿ ಎಳೆಯುವುದನ್ನು ನೋಡಿದವರಿಗೆ ಅಜ್ಜನ ಮಾತು ಅರ್ಥವಾಗುತ್ತದೆ. ಬಲೆಯ ಎರಡು ತುದಿ ದಡದಲ್ಲಿ. ಎರಡು ಗುಂಪು ಎಳೆಯಬೇಕು. ಒಂದು ಕಡೆ ಅವಸರ ಮಾಡಿದರೆ ಬಲೆ ಸೊಟ್ಟಗಾಗಿ ಮೀನು ಜಾರುತ್ತದೆ. ಅದಕ್ಕೇ ಕೂಗಿ ಕೂಗಿ ಎಳೆಯುತ್ತಾರೆ. ಮರುದಿನದಿಂದ ನಾವೂ ಕೂಗಿದೆವು. "ನಂದು!" "ನಿಂದು!" "ಬಿಡು, ಹೊರಗೆ!" ಮೊದಲ ದಿನ ನಾಚಿಕೆ. ಹುಡುಗಿಯರು ಬಯಲಲ್ಲಿ ಹೀಗೆ ಕಿರುಚುವುದಾ ಅಂತ ದಾರಿಹೋಕರು ನಿಂತು ನೋಡಿದರು. ಎರಡು ವಾರದಲ್ಲಿ ನಾವು ಕಾಲೇಜು ಹುಡುಗರ ಜೋಡಿಯನ್ನು ಸೋಲಿಸಿದೆವು. ಅಜ್ಜನಿಗೆ ಹೇಳಿದರೆ, "ಅಷ್ಟೇ ಅಲ್ವಾ" ಅಂದ. ಮತ್ತೆ ಬಲೆಗೆ ಕೈ ಹಾಕಿದ.

ಈಗ ಅಶ್ವಿನಿ. 1989ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕೊಡಗಿನ ಮನೆಯ ಹುಡುಗಿ. ಅಪ್ಪ ಹಾಕಿ ಆಡಿದವರು. ಮಗಳು ಬ್ಯಾಡ್ಮಿಂಟನ್ ಹಿಡಿದಳು, ಅದರಲ್ಲೂ ಡಬಲ್ಸ್. ಹಿಂದಿನಿಂದ ಹಾರಿ ಹೊಡೆಯುವ ಅವರ ಸ್ಮ್ಯಾಶ್ ನೀವು ನೋಡಿದ್ದೀರಿ. ಮುಂದೆ ಬಲೆಯ ಹತ್ತಿರ ಅವರ ಜೊತೆಗಾತಿ ಜ್ವಾಲಾ ಗುಟ್ಟಾ, ಎಡಗೈ. ಬಲಗೈ ಎಡಗೈ ಜೋಡಿಯ ಬಲ ಏನು ಗೊತ್ತಾ? ಎಡಗೈಯವಳು ಎಡಕ್ಕೆ ನಿಂತರೆ ಇಬ್ಬರ ಫೋರ್‌ಹ್ಯಾಂಡೂ ಹೊರಗಿನ ಗೆರೆ ಕಾಯುತ್ತದೆ. ಬಲಕ್ಕೆ ಬಂದಳೋ, ಇಬ್ಬರ ಫೋರ್‌ಹ್ಯಾಂಡೂ ನಡುವಿಗೆ ಬಂತು. ಎದುರಾಳಿ ಪ್ರತಿ ಸಲ ಹೊಸದಾಗಿ ಯೋಚಿಸಬೇಕು. ಆದರೆ ಈ ಜೋಡಿಯೂ ನಡುವಿನ ಶಟಲ್ ಯಾರದು ಅಂತ ಪ್ರತಿ ಸಲ ತೀರ್ಮಾನಿಸಬೇಕು, ಕಣ್ಣು ಮುಚ್ಚಿ ತೆರೆಯುವುದರೊಳಗೆ.

2010, ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕೊನೆಯ ದಿನ. ಸಿಂಗಪುರದ ಜೋಡಿಯನ್ನು ಸೋಲಿಸಿ ಇಬ್ಬರೂ ಚಿನ್ನ ಗೆದ್ದರು. ಮಹಿಳಾ ಡಬಲ್ಸಿನಲ್ಲಿ ನಮ್ಮ ದೇಶಕ್ಕೆ ಅದೇ ಮೊದಲ ಕಾಮನ್‌ವೆಲ್ತ್ ಚಿನ್ನ. ಅದೇ ದಿನ ಸಿಂಗಲ್ಸಿನಲ್ಲಿ ಸೈನಾ ನೆಹ್ವಾಲ್ ಕೂಡ ಚಿನ್ನ ಗೆದ್ದರು. ಒಟ್ಟು 38 ಚಿನ್ನದೊಂದಿಗೆ ಭಾರತ ಇಂಗ್ಲೆಂಡನ್ನು ಹಿಂದೆ ಹಾಕಿ ಎರಡನೇ ಸ್ಥಾನಕ್ಕೆ ಬಂತು. ಅಂತರ ಒಂದೇ ಒಂದು ಚಿನ್ನ! ಸೈನಾ ಹೆಸರು ಎಲ್ಲರ ಬಾಯಲ್ಲಿ ಉಳಿಯಿತು, ಉಳಿಯಲೇಬೇಕು. ಈ ಇಬ್ಬರ ಹೆಸರೂ ಅಷ್ಟೇ ಉಳಿಯಬೇಕಿತ್ತು.

ಮರುವರ್ಷ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು. ಅದಕ್ಕೂ ಮೊದಲು ಆ ಕೂಟದಲ್ಲಿ ನಮಗೆ ಪದಕ ತಂದವರು ಒಬ್ಬರೇ, 1983ರಲ್ಲಿ ಪ್ರಕಾಶ್ ಪಡುಕೋಣೆ. 28 ವರ್ಷ ಕಾದ ಮೇಲೆ ಬಂದ ಪದಕ ಡಬಲ್ಸಿನದು. ಫೋನ್ ಮಾಡಿದವರು ಇಲ್ಲೇ ಎಲ್ಲೋ ಕೂತಿದ್ದರೆ ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

2012ರ ಒಲಿಂಪಿಕ್ಸ್ ಮಾತ್ರ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮೊದಲ ಪಂದ್ಯ ಜಪಾನಿಗೆ ಸೋತರು. ಆಮೇಲೆ ತೈವಾನ್, ಸಿಂಗಪುರ ಎರಡನ್ನೂ ಗೆದ್ದರು. ಗುಂಪಿನಲ್ಲಿ ಮೂರು ಜೋಡಿಗೆ ಎರಡೆರಡು ಗೆಲುವಾಯಿತು. ಅಂಕ ಕೂಡಿಸಿ ಕಳೆದು ನೋಡಿದರೆ ಒಂದೇ ಅಂಕ ಕಡಿಮೆ. ಕ್ವಾರ್ಟರ್‌ಫೈನಲ್ ಕೈತಪ್ಪಿತು. ಒಂದು ಅಂಕ ಅಂದರೆ ಏನು? ನಡುವೆ ಬಿದ್ದ ಒಂದು ಶಟಲ್. ಅದೇ ಒಲಿಂಪಿಕ್ಸಿನಲ್ಲಿ ಬೇಕೆಂದೇ ಸೋತರು ಅಂತ ಬೇರೆ ದೇಶಗಳ ನಾಲ್ಕು ಮಹಿಳಾ ಜೋಡಿಗಳನ್ನು ಹೊರಗೆ ಹಾಕಿದರು. ನಮ್ಮವರು ಒಂದೊಂದು ಅಂಕಕ್ಕೂ ಹೋರಾಡಿ ಹೊರಗೆ ಬಂದರು.

ಚೀಟಿ ಬಂತು, ಐದು ನಿಮಿಷ. ಸರಿ, ಗ್ಲಾಸ್ಗೋದ ಬೆಳ್ಳಿ, ಕೆನಡಾ ಓಪನ್, ಇದೆಲ್ಲ ಬಿಡುತ್ತೇನೆ.

ಜೊತೆಗಾತಿಯರ ಮಾತು ಬಿಡಲಾರೆ. ಸಿಂಗಲ್ಸ್ ಆಟಗಾರ್ತಿ ತನ್ನ ಮೊಣಕಾಲು ನೋಡಿಕೊಂಡರೆ ಸಾಕು. ಡಬಲ್ಸಿನವಳಿಗೆ ಎರಡು ಜನರ ಮೊಣಕಾಲು, ಎರಡು ಮನೆ, ಎರಡು ಮನಸ್ಸು. ನನ್ನವಳಿಗೆ ಇಪ್ಪತ್ತರ ಹರೆಯದಲ್ಲಿ ಮದುವೆಯಾಯಿತು, ಮುಂಬೈಗೆ ಹೋದಳು. ಅವಳಿಗೂ ಆಟ ನಿಂತಿತು, ನನಗೂ ನಿಂತಿತು. ಅದಕ್ಕೂ ಮೊದಲು ಒಂದು ಕೂಟದಲ್ಲಿ "ನಾಲ್ಕೇ ಜೋಡಿ ಬಂದಿದೆ" ಅಂತ ಮಹಿಳಾ ಡಬಲ್ಸ್ ರದ್ದು ಮಾಡಿ ನಮ್ಮನ್ನು ವಾಪಸ್ ಬಸ್ ಹತ್ತಿಸಿದ್ದರು. ನಾಲ್ಕು ಜೋಡಿ ಅಂದರೆ ಎಂಟು ಹುಡುಗಿಯರು. ಎಂಟು ಜನ ಬ್ಯಾಟ್ ಹಿಡಿದು ಬಂದದ್ದು ಅವರ ಕಣ್ಣಿಗೆ ಕಾಣಲಿಲ್ಲ.

ಅಶ್ವಿನಿ ನಿಲ್ಲಿಸಲಿಲ್ಲ. ಜ್ವಾಲಾ ನಂತರ ಸಿಕ್ಕಿ ರೆಡ್ಡಿ ಜೊತೆ ಮತ್ತೆ ಶುರು ಮಾಡಿದರು, 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು ಗೆದ್ದರು. ಟೋಕಿಯೊ ಒಲಿಂಪಿಕ್ಸಿಗೆ ಅರ್ಹತೆ ಸಿಗಲಿಲ್ಲ. 2023ರಲ್ಲಿ ಹೊಸ ಜೊತೆಗಾತಿ, ತನಿಶಾ ಕ್ರಾಸ್ಟೊ. ದುಬೈನಲ್ಲಿ ಹುಟ್ಟಿದರೂ ಮನೆತನ ಗೋವಾದ್ದು, ಅಂದರೆ ಕಾಳಿ ಸೇತುವೆ, ಮಾಜಾಳಿ ದಾಟಿದರೆ ಆಯ್ತು, ನಮ್ಮ ನೆರೆಯವಳೇ. ಅಶ್ವಿನಿಗಿಂತ 14 ವರ್ಷ ಚಿಕ್ಕವಳು. ಮೂವತ್ತಮೂರು ದಾಟಿದ ಮೇಲೆ, ಇಷ್ಟು ಚಿಕ್ಕವಳ ಜೊತೆ ಸರ್ವಿಸಿನ ಬೆರಳು ಸನ್ನೆಯಿಂದ ಹಿಡಿದು ಎಲ್ಲವನ್ನೂ ಹೊಂದಿಸಿಕೊಳ್ಳುವುದು ಅಂದರೆ ಸುಮ್ನೆ ಅಲ್ಲ. ಒಂದೂವರೆ ವರ್ಷದಲ್ಲಿ ಇಬ್ಬರೂ 2024ರ ಪ್ಯಾರಿಸ್ ಒಲಿಂಪಿಕ್ಸ್ ತಲುಪಿದರು. ಅಲ್ಲಿ ಮೂರೂ ಪಂದ್ಯ ಸೋತರು. ಇದೇ ನನ್ನ ಕೊನೆಯ ಒಲಿಂಪಿಕ್ಸ್ ಅಂತ ಅಶ್ವಿನಿ ಕಣ್ಣೀರು ಹಾಕಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಗುವಾಹಟಿಯಲ್ಲಿ ಇದೇ ಜೋಡಿ ಪ್ರಶಸ್ತಿ ಗೆದ್ದಿತು.

ಇನ್ನೂ ಎರಡು ಹಾಳೆ ಉಳಿದಿದೆ, ಮಡಚಿಡುತ್ತೇನೆ. ಒಂದು ಕೆಲಸ ಮಾತ್ರ ಬಾಕಿ ಇದೆ. ಹೆಸರು ಬರೆಸುವ ಟೇಬಲ್ ಹತ್ತಿರ ಇಬ್ಬರು ಒಂಟಿ ಹುಡುಗಿಯರು ನಿಂತದ್ದು ಬರುವಾಗ ನೋಡಿದೆ. ಒಬ್ಬಳ ಜೊತೆಗಾತಿಗೆ ಜ್ವರವಂತೆ, ಇನ್ನೊಬ್ಬಳ ಜೊತೆಗಾತಿ ಬಸ್ಸು ತಪ್ಪಿಸಿಕೊಂಡಳಂತೆ. ಸಂಘಟಕರೇ, ಆ ಎರಡು ಹೆಸರು ಹೊಡೆದು ಹಾಕಬೇಡಿ, ನನಗೆ ಹತ್ತು ನಿಮಿಷ ಕೊಡಿ. ತಂಗಿಯರೇ, ಬ್ಯಾಟ್ ತಗೊಂಡು ಎರಡನೇ ಕೋರ್ಟಿಗೆ ಬನ್ನಿ. ನಿಮ್ಮಲ್ಲಿ ಯಾರಾದರೂ ಎಡಗೈಯವರು ಇದ್ದೀರಾ?