ಸ್ಕೋರ್ ಗೊತ್ತಿದ್ದೂ ಸಿನಿಮಾ ನೋಡುವವರು

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಈ ವಿಡಿಯೋ ತುಂಬಾ ಸ್ಪಾಯ್ಲರ್‌ಗಳಿವೆ. ಕ್ಲೈಮ್ಯಾಕ್ಸ್‌ಗಳನ್ನೆಲ್ಲ ಹೇಳಿಬಿಡುತ್ತೇನೆ. ಬೇಜಾರಾಗುವವರು ಇಲ್ಲೇ ನಿಲ್ಲಿಸಿ, ಸಿನಿಮಾ ನೋಡಿಕೊಂಡು ಆರಾಮಾಗಿ ಬನ್ನಿ. ಆದರೆ ಆಟದ ಹುಚ್ಚು ಹಿಡಿದವರಿಗೆ ಇದು ಅಂಥ ದೊಡ್ಡ ವಿಷಯ ಅಲ್ಲ. 1983ರ ವಿಶ್ವಕಪ್ ಯಾರು ಗೆದ್ದರು ಅಂತ ಬಾಯಿಪಾಠ ಬಂದರೂ '83' ಸಿನಿಮಾಕ್ಕೆ ಟಿಕೆಟ್ ತಗೊಂಡವರು ನಾವು.

ಈಗ ಕಾಣುತ್ತಿರುವುದು ನಮ್ಮ ಗ್ಯಾಂಗ್. ಮುಖ ಬ್ಲರ್ ಮಾಡಿದ್ದೇನೆ, ಅದು ಅವರದೇ ಕಂಡಿಷನ್. ಹಿಂದೆ ಟಿವಿಯಲ್ಲಿ ಪಿಚ್ ಮೇಲೆ ಕವರ್ ಹಾಸಿದ್ದಾರೆ ನೋಡಿ, ಮಳೆಗೆ ಮ್ಯಾಚ್ ನಿಂತಿದೆ. ಇಂಥ ಹೊತ್ತಿನಲ್ಲೇ ನಮ್ಮಲ್ಲಿ ಸಿನಿಮಾ, ಸೀರೀಸ್ ಮಾತು ಶುರುವಾಗುವುದು. ವಿಷಯ ಬದಲಾದರೂ ಮಾತಿನ ಧಾಟಿ ಮಾತ್ರ ಬದಲಾಗುವುದಿಲ್ಲ. 'ಓಪನಿಂಗ್ ಚೆನ್ನಾಗಿತ್ತು ಗುರು, ಇಂಟರ್ವಲ್ ಆದಮೇಲೆ ಸಾಲಾಗಿ ವಿಕೆಟ್ ಬಿತ್ತು' ಅನ್ನುತ್ತಾನೆ ಒಬ್ಬ. 'ಅಷ್ಟು ಒಳ್ಳೆ ವಿಲನ್‌ನ ಯಾಕೆ ಬೆಂಚ್‌ನಲ್ಲಿ ಕೂರಿಸಿದರು?' ಅಂತ ಇನ್ನೊಬ್ಬಳು. ಮೂರು ಗಂಟೆಯ ಸಿನಿಮಾ ಅಂದರೆ ಸಾಕು, 'ಟೆಸ್ಟ್ ಮ್ಯಾಚ್' ಅಂತ ಹೆಸರಿಡುವವರೂ ಇದ್ದಾರೆ. ಟೆಸ್ಟ್ ಇಷ್ಟಪಡುವ ನನಗೆ ಅದು ಬೈಗುಳ ಅನ್ನಿಸುವುದೇ ಇಲ್ಲ, ಆ ಮಾತು ಬೇರೆ.

ಇವರ ಮಾತು ಕೇಳಿಸಿಕೊಂಡು ಕೇಳಿಸಿಕೊಂಡು ನನಗೆ ಒಂದು ವಿಷಯ ಗಟ್ಟಿಯಾಗಿದೆ. ಕಥೆಯಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಿ, ನಾವು ಒಪ್ಪುತ್ತೇವೆ. ಆಟದಲ್ಲಿ ಹೇಳಿದರೆ ಒಪ್ಪುವುದಿಲ್ಲ. ಹೀರೋ ಒಂದೇ ಹಾಡಿನಲ್ಲಿ ಚಾಂಪಿಯನ್ ಆಗಲಿ, ಪರವಾಗಿಲ್ಲ. ಆದರೆ ಫಾಸ್ಟ್ ಬೌಲರ್ ಅಂತ ತೋರಿಸಿದವನು ಓಡಿ ಬಂದು ಕ್ರೀಸ್ ಹತ್ತಿರ ಬ್ರೇಕ್ ಹಾಕಿದರೆ ಮುಗಿಯಿತು, ಆಮೇಲೆ ಅವನ ಅಮ್ಮ ಅತ್ತರೂ ನಮಗೆ ಕಣ್ಣೀರು ಬರುವುದಿಲ್ಲ. ನಾವು ನೋಡುವುದು ಕಾಲು. ಬ್ಯಾಟ್ಸ್‌ಮನ್ ಮುಂದಿನ ಕಾಲು ಚೆಂಡಿನ ಕಡೆ ಹೋಯಿತಾ, ಇಲ್ಲ ಕ್ಯಾಮೆರಾ ಕಡೆ ತಿರುಗಿತಾ? ಇನ್ನೊಂದು ಹಳೇ ಟ್ರಿಕ್ ಇದೆ. ಬ್ಯಾಟಿಗೆ ಚೆಂಡು ತಾಗುವ ಕ್ಷಣಕ್ಕೆ ಸರಿಯಾಗಿ ಕಟ್ ಮಾಡಿ ನಟನ ಮುಖ ತೋರಿಸುತ್ತಾರೆ. ಟಕ್ ಅಂತ ಸದ್ದು. ಮುಂದಿನ ಶಾಟ್‌ನಲ್ಲಿ ಚೆಂಡು ಆಕಾಶದಲ್ಲಿ. ಆ ಕಟ್ ಬಂದ ತಕ್ಷಣ ನಮ್ಮ ರೂಮಿನಲ್ಲಿ ಎಲ್ಲರೂ ಒಟ್ಟಿಗೆ 'ಓಹೋ' ಅನ್ನುತ್ತೇವೆ.

ಇದು ಅತಿಯಾದರೆ ಹೇಗಿರುತ್ತದೆ ಅಂತಲೂ ಹೇಳಬೇಕು. ನಮ್ಮಲ್ಲೊಬ್ಬ ರೂಲ್‌ಬುಕ್ ಇದ್ದಾನೆ. 'ಲಗಾನ್' ಬಂದಿದ್ದು 2001ರಲ್ಲಿ. ಅವನ ತಕರಾರು ಇನ್ನೂ ಮುಗಿದಿಲ್ಲ. ಪಂದ್ಯ ಗೆದ್ದರೆ ತೆರಿಗೆ ಮಾಫಿ ಅಂತ ಊರವರು ಬ್ರಿಟಿಷರ ಜೊತೆ ಕ್ರಿಕೆಟ್ ಆಡುವ ಕಥೆ. ಅದು ನಡೆಯುವುದು 1893ರಲ್ಲಿ, ಓವರ್‌ಗೆ ಆರು ಬಾಲ್. ಆದರೆ ಆಗ ಇಂಗ್ಲೆಂಡಿನಲ್ಲಿ ಓವರ್‌ಗೆ ಐದೇ ಬಾಲ್, ಆರು ಆಗಿದ್ದು 1900ರಲ್ಲಿ. ಅಷ್ಟಕ್ಕೇ ಬಿಡುವುದಿಲ್ಲ. ಆ ಕಾಲದಲ್ಲಿ ಗೆರೆ ದಾಟಿದ್ದಕ್ಕೆಲ್ಲ ಸಿಕ್ಸ್ ಕೊಡುತ್ತಿರಲಿಲ್ಲ, ಸಾಮಾನ್ಯವಾಗಿ ಚೆಂಡು ಮೈದಾನದಿಂದಲೇ ಆಚೆ ಹೋಗಬೇಕಿತ್ತು. ಕೊನೆಯ ಹೊಡೆತವನ್ನು ಬ್ರಿಟಿಷ್ ಕ್ಯಾಪ್ಟನ್ ರಸೆಲ್ ಹಿಡಿಯುವುದು ಬೌಂಡರಿ ಗೆರೆ ದಾಟಿ ಎರಡು ಹೆಜ್ಜೆ ಆಚೆ. 'ಅಂದರೆ ಅದು ಸಿಕ್ಸ್ ಅಲ್ಲ, ಊರವರು ಸೋತು ತೆರಿಗೆ ಕಟ್ಟಬೇಕಿತ್ತು ಅಂತೀಯಾ?' ಅಂತ ಕೇಳಿದರೆ, 'ಕಾನೂನು ಕಾನೂನೇ' ಅನ್ನುತ್ತಾನೆ. ವಿಚಿತ್ರ ಅಂದರೆ, ಆ ಸೀನ್ ಬಂದಾಗ ಕುರ್ಚಿಯಿಂದ ಮೊದಲು ಏಳುವವನೂ ಅವನೇ.

'83' ಬಗ್ಗೆ ಮಾತ್ರ ನಮ್ಮಲ್ಲಿ ಜಾಸ್ತಿ ಜಗಳವಿಲ್ಲ. ಅದಕ್ಕೆ ಕಾರಣ ಒಂದೇ ಇನಿಂಗ್ಸ್. 1983ರ ಜೂನ್ 18, ಟನ್‌ಬ್ರಿಡ್ಜ್ ವೆಲ್ಸ್, ಎದುರಾಳಿ ಜಿಂಬಾಬ್ವೆ. ಭಾರತ 9 ರನ್‌ಗೆ 4 ವಿಕೆಟ್, ನೋಡುತ್ತಾ ನೋಡುತ್ತಾ 17ಕ್ಕೆ 5. ಅಲ್ಲಿಂದ ಕಪಿಲ್ ದೇವ್ ಔಟಾಗದೆ 175 ಹೊಡೆದರು. ಒಂಬತ್ತನೇ ವಿಕೆಟ್‌ಗೆ ಸಯ್ಯದ್ ಕಿರ್ಮಾನಿ ಜೊತೆ ಮುರಿಯದ 126 ರನ್, ಅದರಲ್ಲಿ ಕಿರ್ಮಾನಿಯವರದು 24. ತಂಡದ ಮೊತ್ತ 60 ಓವರ್‌ಗೆ 266. ಇಷ್ಟೆಲ್ಲ ನಮಗೆ ಗೊತ್ತಿರುವುದು ಸ್ಕೋರ್‌ಕಾರ್ಡ್‌ನಿಂದ ಮತ್ತು ಮೈದಾನದಲ್ಲಿದ್ದವರ ಬಾಯಿಂದ. ಯಾಕೆಂದರೆ ಅವತ್ತಿನ ಮ್ಯಾಚ್‌ನ ಟಿವಿ ರೆಕಾರ್ಡಿಂಗೇ ಇಲ್ಲ.

ಯೋಚಿಸಿ ನೋಡಿ. ಈ ಆಟದ ಅತಿ ದೊಡ್ಡ ಇನಿಂಗ್ಸ್‌ಗಳಲ್ಲಿ ಒಂದಕ್ಕೆ ರೀಪ್ಲೇ ಇಲ್ಲ. ಹಾಗಾಗಿ ಕಪಿಲ್ ಪಾತ್ರದ ರಣವೀರ್ ಸಿಂಗ್ ಒಂದು ಕಾಲೆತ್ತಿ ಆ ನಟರಾಜ ಶಾಟ್ ಹೊಡೆದಾಗ ನಮ್ಮ ಹತ್ತಿರ ಹೋಲಿಸಲು ಏನೂ ಇರಲಿಲ್ಲ. ಯಾವ ಬಾಲ್ ಯಾವ ಕಡೆ ಹೋಯಿತು ಅಂತ ವಾದ ಮಾಡುವ ಹಾಗೂ ಇಲ್ಲ. ಜೀವನಪೂರ್ತಿ ಕೇಳಿದ್ದ ಇನಿಂಗ್ಸನ್ನು ಸುಮ್ನೆ ಕೂತು ನೋಡಿದೆವು. ಅದೇ ಲಾರ್ಡ್ಸ್ ಫೈನಲ್ ಸೀನ್‌ಗಳು ಬಂದಾಗ ಒಳಗಿನ ಅಂಪೈರ್ ಎದ್ದು ಕೂತ. ವಿವಿಯನ್ ರಿಚರ್ಡ್ಸ್ ಕ್ಯಾಚ್ ಹಿಡಿಯಲು ಕಪಿಲ್ ಹಿಂದಕ್ಕೆ ಓಡಿದ್ದು ಎಲ್ಲರಿಗೂ ಕಣ್ಣಲ್ಲೇ ಇದೆಯಲ್ವಾ, ಅಲ್ಲಿ ಒಂದು ಹೆಜ್ಜೆ ತಪ್ಪಿದರೂ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಫೈನಲ್ ಸೀನ್‌ಗಿಂತ ಜಿಂಬಾಬ್ವೆ ಸೀನೇ ಮೇಲು. ಇನ್ನೊಂದು ಖುಷಿಯ ವಿಷಯ, ಆ ಫೈನಲ್‌ನ ಪಂದ್ಯಶ್ರೇಷ್ಠ ಮೊಹಿಂದರ್ ಅಮರನಾಥ್ ಈ ಸಿನಿಮಾದಲ್ಲಿ ತಮ್ಮ ಅಪ್ಪ ಲಾಲಾ ಅಮರನಾಥ್ ಪಾತ್ರ ಮಾಡಿದ್ದಾರೆ. ಮಗನೇ ಅಪ್ಪನಾಗಿ ಬಂದು ಮಗನಿಗೆ ಬುದ್ಧಿ ಹೇಳುವುದು. ಇಂಥದ್ದೆಲ್ಲ ನೋಡಲು ಮಜಾ.

'ಮೈದಾನ್' ಬಗ್ಗೆ ನನ್ನ ದೂರು ಉಲ್ಟಾ. 2024ರ ಸಿನಿಮಾ, ಅಜಯ್ ದೇವಗನ್ ಇಲ್ಲಿ ಫುಟ್‌ಬಾಲ್ ಕೋಚ್ ಸಯ್ಯದ್ ಅಬ್ದುಲ್ ರಹೀಮ್. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿತು. ಗೋಲ್ ಹೊಡೆದವರಲ್ಲಿ ಒಬ್ಬರು ಜರ್ನೈಲ್ ಸಿಂಗ್. ಅವರು ಡಿಫೆಂಡರ್. ತಲೆಗೆ ಹೊಲಿಗೆ ಬಿದ್ದಿತ್ತು. ಅಂಥವರನ್ನು ರಹೀಮ್ ಫಾರ್ವರ್ಡ್ ಆಗಿ ಆಡಿಸಿದರು! ಇದನ್ನು ಯಾರಾದರೂ ಕಥೆ ಅಂತ ಬರೆದಿದ್ದರೆ 'ಅತಿ ಆಯಿತು' ಅನ್ನುತ್ತಿದ್ದೆವು. ಇಷ್ಟು ಸರಕು ಕೈಯಲ್ಲಿದ್ದೂ ಮೊದಲ ಅರ್ಧ ಮೀಟಿಂಗ್ ರೂಮುಗಳಲ್ಲೇ ಓಡಾಡುತ್ತದೆ. ಕೊನೆಯ ಮ್ಯಾಚ್ ಮಾತ್ರ ಬಿಡಬೇಡಿ. ಕ್ಯಾಮೆರಾ ಹುಲ್ಲಿನ ಮಟ್ಟಕ್ಕೆ ಇಳಿದು ಆಟಗಾರರ ಜೊತೆಗೇ ಓಡುತ್ತದೆ.

ಇನ್ನು 2025ರ ಕಾರ್ ರೇಸಿಂಗ್ ಸಿನಿಮಾ 'ಎಫ್1'. ನಮ್ಮ ಗ್ಯಾಂಗ್ ಎರಡು ಹೋಳಾಗಿದ್ದು ಇಲ್ಲೇ. ಬ್ರಾಡ್ ಪಿಟ್ ವಯಸ್ಸಿನಲ್ಲಿ ಫಾರ್ಮುಲಾ ಒನ್ ಸೀಟ್ ಸಿಗುತ್ತಾ ಅಂತ ಯಾರೂ ಕೇಳಲಿಲ್ಲ. ಹೇಳಿದೆನಲ್ಲ, ಕಥೆಯ ಸುಳ್ಳಿಗೆ ಮಾಫಿ ಇದೆ. ನಿಜವಾದ ಗ್ರ್ಯಾನ್ ಪ್ರಿ ವಾರಾಂತ್ಯಗಳಲ್ಲೇ ಶೂಟಿಂಗ್ ಮಾಡಿದ್ದಾರೆ, ರೇಸರ್ ಲೂಯಿಸ್ ಹ್ಯಾಮಿಲ್ಟನ್ ನಿರ್ಮಾಪಕರಲ್ಲಿ ಒಬ್ಬರು. ಕಾರಿನೊಳಗಿನ ಶಾಟ್‌ಗಳಿಗೆ ಪೂರ್ತಿ ಮಾರ್ಕ್ಸ್. ಜಗಳ ಶುರುವಾಗಿದ್ದು ಹಂಗೇರಿ ರೇಸ್‌ನಲ್ಲಿ. ಅಲ್ಲಿ ಹೀರೋ ಬೇಕಂತಲೇ ಬೇರೆಯವರಿಗೆ ತಾಗಿಸಿ, ಟ್ರ್ಯಾಕ್ ಮೇಲೆ ಚೂರುಗಳು ಬೀಳುವ ಹಾಗೆ ಮಾಡಿ, ಎಲ್ಲರ ವೇಗ ತಗ್ಗಿಸುವ ಸೇಫ್ಟಿ ಕಾರ್ ಕರೆಸುತ್ತಾನೆ. ತನ್ನ ಜೊತೆಗಾರನಿಗೆ ಲಾಭವಾಗಲಿ ಅಂತ. ಥಿಯೇಟರ್‌ನಲ್ಲಿ ಸೀಟಿ, ಚಪ್ಪಾಳೆ. ನಾವು ಮಾತ್ರ ಒಬ್ಬರ ಮುಖ ಒಬ್ಬರು ನೋಡಿದೆವು. ಏಕೆಂದರೆ ಇದು ನಿಜವಾಗಿ ನಡೆದಿದೆ. 2008ರ ಸಿಂಗಪುರ ರೇಸ್‌ನಲ್ಲಿ ರೆನೋ ತಂಡದ ನೆಲ್ಸನ್ ಪಿಕೆ ಜೂನಿಯರ್ ಬೇಕಂತಲೇ ಗೋಡೆಗೆ ಗುದ್ದಿದ. ಸೇಫ್ಟಿ ಕಾರ್ ಬಂತು. ಅದೇ ತಂಡದ ಫರ್ನಾಂಡೊ ಅಲೊನ್ಸೊ ಗೆದ್ದ. ಮರುವರ್ಷ ವಿಷಯ ಬಯಲಾದಾಗ ತಂಡದ ಮುಖ್ಯಸ್ಥರೇ ಕೆಲಸ ಬಿಡಬೇಕಾಯಿತು. ಅಂದು ಹಗರಣ ಆಗಿದ್ದು ಇಂದು ಹೀರೋಯಿಸಂ ಆಯಿತಾ? ಒಂದು ಗುಂಪು 'ಸಿನಿಮಾ ಅಲ್ವಾ, ಬಿಡಿ' ಅಂದಿತು. ನಾನು ಬಿಡದವರ ಗುಂಪಿನಲ್ಲಿದ್ದೇನೆ. ಮೋಸವನ್ನು ಜಾಣತನ ಅಂತ ತೋರಿಸುವುದಾದರೆ, ಅದಕ್ಕೆ ತೆರಬೇಕಾದ ಬೆಲೆಯನ್ನೂ ತೋರಿಸಬೇಕಿತ್ತು.

ಅದೇ ರೇಸಿಂಗ್‌ನ 'ಡ್ರೈವ್ ಟು ಸರ್ವೈವ್' ಡಾಕ್ಯುಮೆಂಟರಿ ಸೀರೀಸ್ ಕಥೆ ಬೇರೆ. 2019ರಲ್ಲಿ ಬಂದ ಮೊದಲ ಸೀಸನ್‌ಗೆ ಮರ್ಸಿಡಿಸ್, ಫೆರಾರಿ ಎರಡೂ ಒಪ್ಪಲಿಲ್ಲ. ದೊಡ್ಡ ತಂಡಗಳೇ ಇಲ್ಲ ಅಂದಮೇಲೆ ಕ್ಯಾಮೆರಾ ಹಿಂದಿನ ಸಾಲಿಗೆ ಹೋಯಿತು. ಅಲ್ಲಿ ಸಿಕ್ಕಿದ್ದು ಹಾಸ್ ತಂಡದ ಆಗಿನ ಮುಖ್ಯಸ್ಥ ಗುಂಥರ್ ಸ್ಟೈನರ್. ಬೈಗುಳವಿಲ್ಲದೆ ವಾಕ್ಯ ಮುಗಿಸದ ಮನುಷ್ಯ. ಗೆಲುವು ಕಾಣದ ತಂಡದ ಬಾಸ್ ಮನೆಮಾತಾದರು. ನನಗೆ ಸೀರೀಸ್‌ನಲ್ಲಿ ಇಷ್ಟವಾಗಿದ್ದೇ ಇದು. ಗೆಲ್ಲುವವನ ಕಥೆ ಹೇಗೂ ಟಿವಿಯಲ್ಲಿ ಬರುತ್ತದೆ, ಹದಿನೈದನೇ ಸ್ಥಾನಕ್ಕೆ ಬಡಿದಾಡುವವನದು ಎಲ್ಲಿ ಬರುತ್ತದೆ? ಆದರೆ ಇಬ್ಬರ ನಡುವೆ ಇಲ್ಲದ ದ್ವೇಷ ಹುಟ್ಟಿಸುವ ಚಟ ಇದಕ್ಕಿದೆ. ರೇಸರ್ ಮ್ಯಾಕ್ಸ್ ವರ್ಸ್ಟಪ್ಪನ್ ಇದೇ ಕಾರಣ ಕೊಟ್ಟು ಒಂದು ಸೀಸನ್‌ಗೆ ಸಂದರ್ಶನವನ್ನೇ ಕೊಡಲಿಲ್ಲ. ನನಗೆ ಕಿರಿಕಿರಿ ಅಂದರೆ ಡ್ರೈವರ್ ಮತ್ತು ತಂಡದ ನಡುವಿನ ರೇಡಿಯೋ ಮಾತು. ಯಾವುದೋ ಲ್ಯಾಪ್‌ನಲ್ಲಿ ಆಡಿದ್ದನ್ನು ಇನ್ಯಾವುದೋ ಲ್ಯಾಪ್‌ಗೆ ಅಂಟಿಸಿದ್ದು ರೇಸ್ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಹಾಗಾದರೆ ನನಗೆ ತೀರಾ ಹಿಡಿಸಿದ್ದು ಯಾವುದು? 'ವೆಲ್ಕಮ್ ಟು ರೆಕ್ಸಮ್' ಅನ್ನುವ ಡಾಕ್ಯುಮೆಂಟರಿ ಸೀರೀಸ್. ರೆಕ್ಸಮ್ ಅಂದರೆ ವೇಲ್ಸ್‌ನ ಹಳೇ ಫುಟ್‌ಬಾಲ್ ಕ್ಲಬ್, 1864ರಲ್ಲಿ ಹುಟ್ಟಿದ್ದು. ಐದನೇ ದರ್ಜೆಗೆ ಜಾರಿ ಅಲ್ಲೇ ಸಿಕ್ಕಿಕೊಂಡಿತ್ತು. 2021ರಲ್ಲಿ ರಯಾನ್ ರೆನಾಲ್ಡ್ಸ್, ರಾಬ್ ಮ್ಯಾಕೆಲ್ಹೆನ್ನಿ ಅನ್ನುವ ಇಬ್ಬರು ನಟರು ಅದನ್ನು ಕೊಂಡರು. 'ಪಬ್ಲಿಸಿಟಿ ಸ್ಟಂಟ್' ಅಂತ ನಾವೂ ನಕ್ಕೆವು. ಮೊದಲ ಸೀಸನ್ ಕೊನೆಗೆ ಏನಾಗಬೇಕು? ಸಿನಿಮಾ ಲೆಕ್ಕದಲ್ಲಿ ಗೆಲ್ಲಬೇಕು ಅಲ್ವಾ? ಬಡ್ತಿಗಾಗಿ ಆಡುವ 2022ರ ಪ್ಲೇ-ಆಫ್ ಸೆಮಿಫೈನಲ್‌ನಲ್ಲಿ ಗ್ರಿಮ್ಸ್‌ಬಿ ವಿರುದ್ಧ 4-5ರಲ್ಲಿ ಸೋತರು. ನಾಲ್ಕು ಗೋಲ್ ಹೊಡೆದು ಸೋಲುವುದು! ಇಂಥ ಎಪಿಸೋಡ್ ಬರೆಯುವ ಧೈರ್ಯ ಯಾವ ಬರಹಗಾರನಿಗೂ ಇಲ್ಲ.

ಮರುವರ್ಷ ಇನ್ನೂ ಮೇಲು. 2023ರ ಏಪ್ರಿಲ್‌ನಲ್ಲಿ ನಾಟ್ಸ್ ಕೌಂಟಿ ಜೊತೆ ಮ್ಯಾಚ್. ಎರಡೂ ತಂಡ ತಲಾ 100 ಪಾಯಿಂಟ್‌ನಲ್ಲಿದ್ದವು. ನೇರವಾಗಿ ಮೇಲಿನ ದರ್ಜೆಗೆ ಹೋಗುವುದು ಒಂದೇ ತಂಡ. ರೆಕ್ಸಮ್ 3-2 ಮುಂದಿದೆ, ಸ್ಟಾಪೇಜ್ ಟೈಮ್, ನಾಟ್ಸ್‌ಗೆ ಪೆನಾಲ್ಟಿ. ಗೋಲಿನಲ್ಲಿ ನಿಂತವರು ಬೆನ್ ಫಾಸ್ಟರ್, ಆಗಷ್ಟೇ 40 ತುಂಬಿದವರು, ನಿವೃತ್ತಿ ಹೇಳಿ ಮನೆಗೆ ಹೋಗಿ ಕೆಲವು ವಾರಗಳ ಹಿಂದೆ ವಾಪಸ್ ಬಂದವರು. ಅವರು ಸರಿಯಾದ ಕಡೆ ಹಾರಿ ಅದನ್ನು ತಡೆದರು. ನಾನು ಇದನ್ನು ಲೈವ್ ನೋಡಿದ್ದೆ. ಸೀರೀಸ್‌ನಲ್ಲಿ ಮತ್ತೆ ನೋಡುವಾಗಲೂ ಕೈ ಬೆವರಿತು. ಆಮೇಲೆ ರೆಕ್ಸಮ್ 2023, 2024, 2025, ಮೂರು ವರ್ಷ ಸಾಲಾಗಿ ಬಡ್ತಿ ಪಡೆಯಿತು. ಇದೇ ಕಥೆ ಹೇಳಿ ನಿರ್ಮಾಪಕರ ಮುಂದೆ ಕೂತಿದ್ದರೆ, 'ಸ್ವಲ್ಪ ನಂಬುವ ಹಾಗೆ ಬರೆದುಕೊಂಡು ಬಾರಪ್ಪ' ಅಂತ ಕಳಿಸುತ್ತಿದ್ದರು. ಹೌದು, ದುಡ್ಡಿದ್ದವರು ಕೊಂಡರು, ದುಡ್ಡಿನಿಂದ ಒಳ್ಳೆ ಆಟಗಾರರು ಬಂದರು. ನಮ್ಮ ಫುಟ್‌ಬಾಲ್ ಗೆಳೆಯ ಇದನ್ನು ನೆನಪಿಸದೆ ಬಿಡುವುದಿಲ್ಲ. ಅವನ ಮಾತು ಸರಿ. ಆದರೆ ಆ ಪೆನಾಲ್ಟಿ ತಡೆದಿದ್ದು ದುಡ್ಡಲ್ಲ.

ಫುಟ್‌ಬಾಲ್ ಕಾಮಿಡಿ ಸೀರೀಸ್ 'ಟೆಡ್ ಲಾಸೊ' ಬಗ್ಗೆ ಒಂದೇ ಮಾತು. ಆಫ್‌ಸೈಡ್ ಅರ್ಥವಾಗದ ಕೋಚ್ ನಗಿಸುತ್ತಾನೆ, ಮೂರನೇ ಸೀಸನ್ ಅನಗತ್ಯವಾಗಿ ಎಳೆಯುತ್ತದೆ. ಮುಂದೆ ಹೋಗೋಣ.

ಆಟಕ್ಕೆ ಸಂಬಂಧವೇ ಇಲ್ಲದ ಒಂದು ಸೀರೀಸ್ ನಮ್ಮೆಲ್ಲರಿಗೂ ಹಿಡಿಸಿದೆ. 2025ರ 'ಅಡಾಲಸೆನ್ಸ್'. ನಾಲ್ಕು ಎಪಿಸೋಡ್, ಪ್ರತಿಯೊಂದೂ ಒಂದೇ ಶಾಟ್, ಎಲ್ಲೂ ಕಟ್ ಇಲ್ಲ. ಭಾರವಾದ ಕಥೆ, ಮಳೆಗೆ ನಿಂತ ಮ್ಯಾಚ್ ನಡುವೆ ಹಾಕುವಂಥದ್ದಲ್ಲ. ಆದರೆ ಲೈವ್ ನೋಡಿ ಬೆಳೆದವರಿಗೆ ಅದರ ಹಿಡಿತ ತಕ್ಷಣ ಸಿಗುತ್ತದೆ. ಮಧ್ಯದಲ್ಲಿ ಯಾರಾದರೂ ಎಡವಿದರೆ ಮೊದಲಿನಿಂದ ಶುರು ಮಾಡಬೇಕು ಅಂತ ಗೊತ್ತಿದ್ದಾಗ ನಾವು ನಟರನ್ನು ನೋಡುವ ರೀತಿಯೇ ಬೇರೆ. ಎರಡನೇ ಎಪಿಸೋಡಿನ ಕೊನೆಯಲ್ಲಿ ಕ್ಯಾಮೆರಾ ಡ್ರೋನ್ ಜೊತೆ ಮೇಲೇರಿ ಬೇರೆ ಕಡೆ ಹೋಗಿ ಇಳಿಯುತ್ತದೆ. ಅಲ್ಲಿ ನಮ್ಮ ರೂಲ್‌ಬುಕ್ ಗೆಳೆಯನೂ ಬಾಯಿ ಮುಚ್ಚಿಕೊಂಡಿದ್ದ.

ಕೊನೆಗೆ, ಇನ್ನೂ ಇತ್ಯರ್ಥವಾಗದ ಕೇಸ್. 2024ರ 'ಚಾಲೆಂಜರ್ಸ್'. ನಟಿ ಜೆಂಡಯಾ ಇದ್ದಾರೆ, ಆರ್ಟ್ ಮತ್ತು ಪ್ಯಾಟ್ರಿಕ್ ಅನ್ನುವ ಇಬ್ಬರು ಟೆನಿಸ್ ಆಟಗಾರರಿದ್ದಾರೆ, ಕೊನೆಗೆ ಟೈ-ಬ್ರೇಕ್. ಆರ್ಟ್ ಸ್ಮ್ಯಾಶ್ ಹೊಡೆಯಲು ನೆಗೆದು ನೆಟ್ ಮೇಲಿಂದ ಹೋಗಿ ಪ್ಯಾಟ್ರಿಕ್ ತೋಳಿಗೆ ಬೀಳುತ್ತಾನೆ. ಇಬ್ಬರೂ ಅಪ್ಪಿಕೊಳ್ಳುತ್ತಾರೆ, ಸಿನಿಮಾ ಮುಗಿಯುತ್ತದೆ. ಸಿನಿಮಾ ಪ್ರೇಮಿಗಳು ಸ್ನೇಹ, ಪ್ರೀತಿ ಅಂತ ಚರ್ಚೆ ಮಾಡಲಿ. ನಮ್ಮ ಪ್ರಶ್ನೆ, ಪಾಯಿಂಟ್ ಯಾರಿಗೆ? ಚೆಂಡು ಆಟದಲ್ಲಿರುವಾಗ ನೆಟ್ ಮುಟ್ಟಿದರೆ ಪಾಯಿಂಟ್ ಎದುರಾಳಿಗೆ. ಚೆಂಡು ಅಷ್ಟರಲ್ಲಿ ಎರಡನೇ ಬಾರಿ ನೆಲಕ್ಕೆ ಬಿದ್ದಿದ್ದರೆ ಆರ್ಟ್ ಬಚಾವ್. ಆದರೆ ಚೆಂಡು ಎಲ್ಲಿ ಹೋಯಿತು ಅಂತ ನಿರ್ದೇಶಕರು ತಲೆಯನ್ನೇ ಕೆಡಿಸಿಕೊಂಡಿಲ್ಲ. ನಮ್ಮಲ್ಲಿ ಟೆನಿಸ್ ಆಡುವವಳು ಆ ಸೀನನ್ನು ನಿಧಾನಕ್ಕೆ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ ನೋಡಿ 'ಪ್ಯಾಟ್ರಿಕ್‌ಗೆ' ಅಂದಳು. ನಾನೂ ಅದನ್ನೇ ಹೇಳುತ್ತೇನೆ. ಅಷ್ಟು ಜೋರಾಗಿ ನೆಗೆದವನು ಚೆಂಡು ಎರಡು ಪುಟ ಹಾಕುವಷ್ಟರವರೆಗೆ ಗಾಳಿಯಲ್ಲೇ ಇದ್ದ ಅನ್ನುವುದನ್ನು ನಾನಂತೂ ನಂಬುವುದಿಲ್ಲ. ನಂಬುವವರು ಕಾಮೆಂಟ್‌ನಲ್ಲಿ ಬನ್ನಿ, ಫ್ರೇಮ್ ನಂಬರ್ ಸಮೇತ.