ಹಾಡು ಕಟ್ಟಿದವರ ಕಂಠದಲ್ಲೇ ಕೇಳೋಣ: ಜಾನ್ ಹಯಾಟ್

ಈಗ ನಿಮ್ಮೆದುರು ತಿರುಗುತ್ತಿರುವ ಗಾನತಟ್ಟೆ 1987ರ ಆಲ್ಬಂ ‘ಬ್ರಿಂಗ್ ದ ಫ್ಯಾಮಿಲಿ’. ಬ್ಲೂಸ್, ಕಂಟ್ರಿ, ಸೋಲ್ ಎಂಬ ಸಂಗೀತ ಪ್ರಕಾರಗಳ ಬೇರಿನಿಂದ ಚಿಗುರಿದ ಅಮೆರಿಕದ ರೂಟ್ಸ್ ರಾಕ್ ಸಂಗೀತವನ್ನು ಬಲ್ಲವರಲ್ಲೂ ಅನೇಕರು ಇದರ ಗಾಯಕ ಜಾನ್ ಹಯಾಟ್ ಅವರನ್ನು ಇತರರಿಗೆ ಹಾಡು ಬರೆದುಕೊಟ್ಟವರೆಂದಷ್ಟೇ ನೆನೆಯುತ್ತಾರೆ. ಆ ಹಾಡುಗಳಿಗೆ ಅವರ ಕಂಠವೇ ಎಲ್ಲಕ್ಕಿಂತ ಹೆಚ್ಚು ಒಪ್ಪುತ್ತದೆ ಎಂದು ನಾನು ನಂಬಿದ್ದೇನೆ.

ಇಂಡಿಯಾನಾಪೊಲಿಸ್‌ನಲ್ಲಿ 1952ರಲ್ಲಿ ಹುಟ್ಟಿದ ಹಯಾಟ್ 18ನೆಯ ವಯಸ್ಸಿಗೆ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ಗೆ ಬಂದು, ವಾರಕ್ಕೆ 25 ಡಾಲರ್ ಸಂಬಳದ ಮೇಲೆ ಸಂಗೀತ ಪ್ರಕಾಶನ ಸಂಸ್ಥೆಯೊಂದಕ್ಕೆ ಹಾಡು ಬರೆಯಲು ಕುಳಿತರು. ಸ್ವರಲಿಪಿ ಬರೆಯಲು ಬಾರದ ಕಾರಣ, ಅಲ್ಲಿ ರಚಿಸಿದ ಹಾಡುಗಳನ್ನೆಲ್ಲ ತಾವೇ ಹಾಡಿ ಧ್ವನಿಮುದ್ರಿಸಿ ಒಪ್ಪಿಸಬೇಕಾಗಿತ್ತು. ಆ ಕಂಠ ಪಳಗಿದ್ದು ಅಲ್ಲಿಯೇ ಎಂದು ನನಗನ್ನಿಸುತ್ತದೆ. 1974ರಲ್ಲಿ ಅವರ ಹಾಡೊಂದನ್ನು ‘ತ್ರೀ ಡಾಗ್ ನೈಟ್’ ತಂಡ ಜನಪ್ರಿಯಗೊಳಿಸಿತು. ಅವರ ಸ್ವಂತ ಆಲ್ಬಂಗಳು ಮಾತ್ರ ಮಾರಾಟವಾಗಲಿಲ್ಲ. 1985ರ ಹೊತ್ತಿಗೆ ಮೂರು ರೆಕಾರ್ಡ್ ಕಂಪನಿಗಳಲ್ಲಿ ಏಳು ಆಲ್ಬಂಗಳು ಮುಗಿದಿದ್ದವು, ಕುಡಿತವನ್ನು ಬಿಟ್ಟಿದ್ದರು, ಪತ್ನಿಯನ್ನು ಕಳೆದುಕೊಂಡು ಪುಟ್ಟ ಮಗಳೊಡನೆ ಉಳಿದಿದ್ದರು.

ಈ ತಟ್ಟೆ ಬಂದದ್ದು ಅದಾದ ಮೇಲೆ. ರೈ ಕೂಡರ್ ಅವರ ಗಿಟಾರ್, ನಿಕ್ ಲೋ ಅವರ ಬೇಸ್, ಜಿಮ್ ಕೆಲ್ಟ್ನರ್ ಅವರ ಡ್ರಮ್ಸ್. ನಾಲ್ಕೇ ದಿನಗಳಲ್ಲಿ ಇಡೀ ಆಲ್ಬಂ ಮುದ್ರಣಗೊಂಡಿತು. ‘ಲಿಪ್‌ಸ್ಟಿಕ್ ಸನ್‌ಸೆಟ್’ ಹಾಡಿನಲ್ಲಿ ತಂತಿಗಳ ಮೇಲೆ ನಳಿಕೆ ಜಾರಿಸಿ ನುಡಿಸುವ ಕೂಡರ್ ಅವರ ಸ್ಲೈಡ್ ಗಿಟಾರ್ ಅಳುವಿನಂತೆ ಜಾರುತ್ತಾ ಬರುವ ಗಳಿಗೆಗಾಗಿ ನಾನು ಎಷ್ಟೋ ಬಾರಿ ಮುಳ್ಳನ್ನು ಹಿಂದಕ್ಕೆ ಇಟ್ಟಿದ್ದೇನೆ. ಆದರೂ ನನ್ನನ್ನು ಸೆರೆಹಿಡಿದದ್ದು ‘ಹ್ಯಾವ್ ಎ ಲಿಟಲ್ ಫೇತ್ ಇನ್ ಮಿ’. ಅಲ್ಲಿ ಜೊತೆಗಾರರಿಲ್ಲ, ಪಿಯಾನೋ ಮುಂದೆ ಹಯಾಟ್ ಒಬ್ಬರೇ. ಒರಟಾದ, ತುಸು ಒಡೆದ ಆ ದನಿ ಮೇಲಿನ ಸ್ವರಕ್ಕೆ ಏರುವಾಗ ಎಲ್ಲಿ ಕೈಕೊಡುವುದೋ ಎಂಬ ಆತಂಕ ಹುಟ್ಟುತ್ತದೆ, ಮತ್ತು ನನ್ನನ್ನು ನಂಬು ಎಂಬ ಆ ಬೇಡಿಕೆಗೆ ಬೆಲೆ ಬರುವುದು ಆ ಆತಂಕದಿಂದಲೇ. ಈ ಹಾಡನ್ನು ಇನ್ನೂ ನಯವಾದ ಕಂಠಗಳು ಹಾಡಿವೆ. ಅವುಗಳಲ್ಲಿ ನಂಬಿಕೆ ಸುಲಭವಾಗಿಬಿಡುತ್ತದೆ.

ಇದೇ ಆಲ್ಬಮ್ಮಿನ ‘ಥಿಂಗ್ ಕಾಲ್ಡ್ ಲವ್’ ಹಾಡನ್ನು ಗಾಯಕಿ ಬಾನಿ ರೈಟ್ 1989ರಲ್ಲಿ ‘ನಿಕ್ ಆಫ್ ಟೈಮ್’ ಆಲ್ಬಮ್ಮಿಗೆ ಹಾಡಿದರು; ಅದು ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿ ಗೆದ್ದಿತು. ಹಯಾಟ್ 1983ರಲ್ಲಿ ಹಾಡಿದ್ದ ‘ರೈಡಿಂಗ್ ವಿತ್ ದ ಕಿಂಗ್’ 2000ದಲ್ಲಿ ಹೆಸರಾಂತ ಗಿಟಾರ್ ವಾದಕ-ಗಾಯಕರಾದ ಬಿ. ಬಿ. ಕಿಂಗ್ ಮತ್ತು ಎರಿಕ್ ಕ್ಲ್ಯಾಪ್ಟನ್ ಅವರ ಜಂಟಿ ಆಲ್ಬಮ್ಮಿಗೆ ಹೆಸರಾಯಿತು. ಆ ಇಬ್ಬರ ಮೇಲೂ ನನಗೆ ಅಪಾರ ಗೌರವವಿದೆ. ಆದರೂ ಆ ಹಾಡಿನ ತುಂಟತನ, ಆ ಹುರುಪು ಹಯಾಟ್ ಅವರ ಮೂಲದಲ್ಲೇ ಹೆಚ್ಚು.

ಕೊನೆಯದಾಗಿ 2021ರ ‘ಲೆಫ್ಟ್‌ಓವರ್ ಫೀಲಿಂಗ್ಸ್’ ಕೇಳಿ. ಡೋಬ್ರೋ ಎಂಬ ಗಿಟಾರಿನ ವಾದಕ ಜೆರಿ ಡಗ್ಲಸ್ ಅವರ ತಂಡದೊಡನೆ ನ್ಯಾಶ್‌ವಿಲ್‌ನ ಹಳೆಯ ಆರ್‌ಸಿಎ ಸ್ಟುಡಿಯೋ ಬಿ ಯಲ್ಲಿ ಮುದ್ರಿಸಿದ್ದು; ಇದರಲ್ಲಿ ಡ್ರಮ್ಸ್ ಇಲ್ಲ. ತಾವು ಹುಡುಗರಾಗಿದ್ದಾಗ ತೀರಿಕೊಂಡ ಅಣ್ಣನನ್ನು ಕುರಿತು ಹಯಾಟ್ ಇದರ ಒಂದು ಹಾಡಿನಲ್ಲಿ ಹಾಡಿದ್ದಾರೆ. ಅರ್ಧ ಶತಮಾನಕ್ಕೂ ಮೀರಿದ ದುಃಖವನ್ನು ಹೇಳುವಾಗಲೂ ಅವರು ದನಿಯನ್ನು ಎತ್ತುವುದಿಲ್ಲ. ಮನೆಯವರ ಎದುರು ಕುಳಿತು ಅಂದಿನ ದಿನ ಏನಾಯಿತೆಂದು ತಿಳಿಸುವಂತೆ ಹಾಡುತ್ತಾರೆ. ಈಗ ನಾನು ಮಾತು ನಿಲ್ಲಿಸಿ ಆ ಹಾಡನ್ನು ಹಾಕುತ್ತೇನೆ.