ಸಿಮ್‌ಕಿನ್ಸ್ ಹಾಲ್: ಒಂದು ವಿದ್ಯಾರ್ಥಿನಿಲಯದ ನಾಮಕರಣ

ಮಾನ್ಯರೇ,

ಕಟ್ಟಡವೊಂದಕ್ಕೆ ಯಾರ ಹೆಸರಿಟ್ಟಿದ್ದಾರೆ ಎಂದು ನಾವು ಸಾಮಾನ್ಯವಾಗಿ ವಿಚಾರಿಸುತ್ತೇವೆ. ಯಾವಾಗ ಇಟ್ಟರು ಎಂದು ಕೇಳುವವರು ವಿರಳ. ಅಮೆರಿಕದ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ, ವ್ಯಾಲರ್ ಕ್ರೀಕ್ ಎಂಬ ತೊರೆಯ ಬಳಿ 1950ರ ದಶಕದಲ್ಲಿ ತಲೆಯೆತ್ತಿದ ಸಿಮ್‌ಕಿನ್ಸ್ ಹಾಲ್ ಎಂಬ ವಿದ್ಯಾರ್ಥಿನಿಲಯದ ಮಟ್ಟಿಗಂತೂ ಈ ಎರಡನೆಯ ಪ್ರಶ್ನೆಯೇ ಮುಖ್ಯ.

ವಿಲಿಯಂ ಸ್ಟುವರ್ಟ್ ಸಿಮ್‌ಕಿನ್ಸ್ 1842ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಜನಿಸಿದರು. ಅಮೆರಿಕದ ಅಂತರ್ಯುದ್ಧದಲ್ಲಿ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟಿದ್ದ ದಕ್ಷಿಣದ ರಾಜ್ಯಗಳ ಪರ ಹೋರಾಡಿ, ಸೋಲಿನ ನಂತರ ಫ್ಲಾರಿಡಾಕ್ಕೆ ಹೋಗಿ, ಅಲ್ಲಿ ಅಣ್ಣ ಎಲ್ಡ್ರೆಡ್ ಜೊತೆಗೂಡಿ ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಪ್ತ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನನ್ನು ಸಂಘಟಿಸಿದರು. ಆಮೇಲೆ ಟೆಕ್ಸಾಸಿನಲ್ಲಿ ವಕೀಲಿ ವೃತ್ತಿ ನಡೆಸಿ, 1899ರಲ್ಲಿ ವಿಶ್ವವಿದ್ಯಾಲಯದ ಕಾನೂನು ಅಧ್ಯಾಪಕರಾದರು. ಉದ್ದ ಕೂದಲಿನ ಈ ಮೇಷ್ಟ್ರನ್ನು ವಿದ್ಯಾರ್ಥಿಗಳು ಬಹಳ ಮೆಚ್ಚಿದ್ದರು ಎಂಬುದೂ ನಿಜವೇ. ತಮ್ಮ ಪೂರ್ವಚರಿತ್ರೆಯನ್ನು ಅವರೇನೂ ಮುಚ್ಚಿಡಲಿಲ್ಲ. 1914ರಲ್ಲಿ ಕ್ಲಾನ್ ಕುರಿತು ಕ್ಯಾಂಪಸ್ಸಿನಲ್ಲೇ ಭಾಷಣ ಮಾಡಿ, ಬಿಳಿಯ ಹೆಂಗಸೊಬ್ಬಳನ್ನು ಅವಮಾನಿಸಿದನೆಂದು ತಾವು ಕಪ್ಪು ಮನುಷ್ಯನೊಬ್ಬನನ್ನು ಪೀಪಾಯಿಯ ಹಲಗೆಯಿಂದ ಬೀದಿಯುದ್ದಕ್ಕೂ ಹೊಡೆದದ್ದನ್ನು ಹೆಮ್ಮೆಯಿಂದಲೇ ವರ್ಣಿಸಿದರು. 1916ರಲ್ಲಿ ಆ ಭಾಷಣ ಹಳೆಯ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಅಚ್ಚಾಯಿತು. ಆದ್ದರಿಂದ ಮುಂದೆ ಹೆಸರಿಟ್ಟವರಿಗೆ ಇದು ತಿಳಿದಿರಲಿಲ್ಲ ಎಂಬ ಸಮಜಾಯಿಷಿ ನನಗೆ ಒಪ್ಪಿಗೆಯಾಗುವುದಿಲ್ಲ.

ಸಿಮ್‌ಕಿನ್ಸ್ ತೀರಿಕೊಂಡದ್ದು 1929ರಲ್ಲಿ. ಕಟ್ಟಡಕ್ಕೆ ಅವರ ಹೆಸರು ಬಂದದ್ದು ಇಪ್ಪತ್ತೈದು ವರ್ಷಗಳ ನಂತರ, 1954ರಲ್ಲಿ. ಆ ನಡುವೆ ಏನಾಗಿತ್ತು? ಹ್ಯೂಸ್ಟನ್ನಿನ ಅಂಚೆಪೇದೆ ಹೀಮನ್ ಸ್ವೆಟ್ ಅವರಿಗೆ, ಅವರು ಕಪ್ಪು ಜನಾಂಗದವರೆಂಬ ಒಂದೇ ಕಾರಣಕ್ಕೆ, ಇದೇ ಕಾನೂನು ಶಾಲೆ ಪ್ರವೇಶ ನಿರಾಕರಿಸಿತ್ತು. ಅವರು ಹೂಡಿದ ದಾವೆಯನ್ನು ಎದುರಿಸಲು ಸರ್ಕಾರ ಕಪ್ಪು ಜನರಿಗೆಂದೇ ಪ್ರತ್ಯೇಕ ಕಾನೂನು ಶಾಲೆಯೊಂದನ್ನು ತೆರೆದಿತ್ತು. ಆದರೂ 1950ರಲ್ಲಿ ಸುಪ್ರೀಂ ಕೋರ್ಟು ಸ್ವೆಟ್ ಪರವಾಗಿ ತೀರ್ಪಿತ್ತಿತ್ತು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂಬ ಬ್ರೌನ್ ತೀರ್ಪು ಬಂದದ್ದು 1954ರ ಮೇ 17ರಂದು. ನಾಮಕರಣ ನಡೆದದ್ದು ಅದಾದ ಕೆಲವೇ ವಾರಗಳಲ್ಲಿ. ಇದನ್ನು ಕಾಕತಾಳೀಯವೆಂದು ಬೇಕಾದವರು ನಂಬಬಹುದು. ಕಪ್ಪು ವಿದ್ಯಾರ್ಥಿಗಳಿಗೆ ಪದವಿ ತರಗತಿಗಳ ಬಾಗಿಲು ತೆರೆಯಲು 1956ರವರೆಗೆ ಕಾಯಬೇಕಾಯಿತು.

ಈ ಕಾಲಾನುಕ್ರಮವನ್ನು 2010ರಲ್ಲಿ ಬಯಲಿಗೆಳೆದವರು ಹಿಂದೆ ಅಲ್ಲಿಯೇ ಕಾನೂನು ಕಲಿಸಿದ್ದ ಥಾಮಸ್ ರಸೆಲ್. ಅವರ ಪ್ರಬಂಧದ ಬೆನ್ನಿಗೇ ವಾದವಿವಾದಗಳೆದ್ದವು, ಸಲಹಾ ಸಮಿತಿ ರಚನೆಯಾಯಿತು. ಇತಿಹಾಸವನ್ನು ಅಳಿಸಬಾರದೆಂಬ ಮಾತೂ ಕೇಳಿಬಂತು. ಆದರೆ ಇಲ್ಲಿ ತೆಗೆದುಹಾಕಬೇಕಾಗಿದ್ದುದು 1954ರ ಆಡಳಿತವು ಸಲ್ಲಿಸಿದ ಒಂದು ಗೌರವವನ್ನು. ಸಿಮ್‌ಕಿನ್ಸರ ಭಾಷಣ ಗ್ರಂಥಾಲಯದಲ್ಲಿ ಹಾಗೆಯೇ ಇದೆ, ಓದಬಯಸುವವರು ಓದಬಹುದು. ಅದೇ ವರ್ಷದ ಜುಲೈ 15ರಂದು ಆಡಳಿತ ಮಂಡಳಿ ನಿಲಯಕ್ಕೆ ಕ್ರೀಕ್‌ಸೈಡ್, ಅಂದರೆ ತೊರೆಯ ಬದಿ, ಎಂದು ಹೊಸ ಹೆಸರಿಟ್ಟಿತು. ಅಣ್ಣ ಎಲ್ಡ್ರೆಡ್ ಹೆಸರಿನಲ್ಲಿದ್ದ ಪಕ್ಕದ ಉದ್ಯಾನಕ್ಕೂ ಅದೇ ಹೆಸರಾಯಿತು.

ತೊರೆಯ ಹೆಸರಿಗೆ ಯಾರ ತಕರಾರೂ ಇರುವುದಿಲ್ಲ. ಆಡಳಿತಗಾರರ ಜಾಣತನ ಅದು. ಸ್ವೆಟ್ ಅವರ ಹೆಸರನ್ನೇ ಇಡಬಹುದಿತ್ತಲ್ಲ ಎಂದು ನನಗನ್ನಿಸುತ್ತದೆ. ಆ ಕೆಲಸವನ್ನು ಅದೇ ಊರಿನ ಟ್ರಾವಿಸ್ ಕೌಂಟಿಯವರು 2005ರಲ್ಲಿಯೇ, ತಮ್ಮ ನ್ಯಾಯಾಲಯದ ಕಟ್ಟಡಕ್ಕೆ ಸ್ವೆಟ್ ಹೆಸರಿಡುವ ಮೂಲಕ ಮಾಡಿದ್ದರು.